ಹಿತ್ತಲಿಗೆ ಬಂದ ಜಿಂಕೆ: ಚಿನ್ನದ ನಾಡಿನಲ್ಲೊಂದು ಬೇಲಿಯ ಕಥೆ

ಅವರೆ ಬಳ್ಳಿಯ ಕುಡಿ ನಿನ್ನೆ ಸಂಜೆಯವರೆಗೂ ಚಪ್ಪರದ ಕಡೆಗೆ ಚಾಚಿಕೊಂಡಿತ್ತು. ಬೆಳಗ್ಗೆ ನೋಡಿದರೆ ಕುಡಿಯೇ ಇಲ್ಲ. ದಂಟಿನ ಸೊಪ್ಪಿನ ಮಡಿ ಅರ್ಧಕ್ಕೆ ಮೊಟಕಾಗಿದೆ. ಹುರುಳಿಕಾಯಿ ಗಿಡದಲ್ಲಿ ಕಡ್ಡಿ ಉಳಿದಿದೆ, ಎಲೆ ಇಲ್ಲ. ಊರಂಚಿನ ಮನೆಯ ಹಿತ್ತಲಲ್ಲಿ ಇಂಥ ದೃಶ್ಯ ಕಂಡಾಗ ಮೊದಲು ಬೈಸಿಕೊಳ್ಳುವುದು ಪಕ್ಕದ ಮನೆಯ ಮೇಕೆ. ಎಷ್ಟೋ ವೇಳೆ ಆ ಮೇಕೆ ನಿರಪರಾಧಿ.

ನಿಜವಾದ ಕಳ್ಳ ಯಾರೆಂದು ಗಿಡವೇ ಹೇಳುತ್ತದೆ. ಮೊಲ ಕಡಿದ ಕಡ್ಡಿ ಚಾಕುವಿನಿಂದ ಓರೆಯಾಗಿ ಕೊಯ್ದಂತೆ ಕಾಣುತ್ತದೆ. ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ. ಕೆಳಗಿನ ಹಲ್ಲು ಮತ್ತು ಮೇಲಿನ ಗಟ್ಟಿ ವಸಡಿನ ನಡುವೆ ಕುಡಿಯನ್ನು ಹಿಡಿದು ಎಳೆದು ಹರಿಯುತ್ತದೆ. ಹಾಗಾಗಿ ತುದಿ ಚಿಂದಿಯಾಗಿರುತ್ತದೆ. ಮೇಕೆಯ ಬಾಯಿಯೂ ಹೀಗೆಯೇ ಇರುವುದರಿಂದ ಇಷ್ಟಕ್ಕೇ ತೀರ್ಪು ಕೊಡುವಂತಿಲ್ಲ. ಒದ್ದೆ ಮಣ್ಣಿನಲ್ಲಿ ಮೂಡಿದ ಚೂಪು ತುದಿಯ ಸೀಳು ಗೊರಸಿನ ಗುರುತು, ಬೇಲಿಯಾಚೆ ಒಂದೇ ಕಡೆ ರಾಶಿ ಬಿದ್ದ ಹಿಕ್ಕೆ ಸಾಕ್ಷಿ ನುಡಿದ ಮೇಲೆ ಅನುಮಾನ ಉಳಿಯುವುದಿಲ್ಲ.

ಕೆಜಿಎಫ್ ಮತ್ತು ಬಂಗಾರಪೇಟೆಯ ಸುತ್ತಮುತ್ತ ಜಿಂಕೆ ಎಂದರೆ ಬಹುಪಾಲು ಕೃಷ್ಣಮೃಗ. ಮುಚ್ಚಿದ ಚಿನ್ನದ ಗಣಿಯ ಖಾಲಿ ಜಮೀನಿನಲ್ಲೂ ಬೆಮೆಲ್ ಕಾರ್ಖಾನೆಗೆಂದು ಬಿಟ್ಟಿದ್ದ ಹುಲ್ಲುಗಾವಲಿನಲ್ಲೂ ಅದು ಹಿಂಡುಗಟ್ಟಿಕೊಂಡು ಬದುಕುತ್ತ ಬಂದಿದೆ. ಕಾಡಿನ ಪ್ರಾಣಿ ನಾಡಿಗೆ ನುಗ್ಗಿತು ಎಂದು ಇದನ್ನು ಸುಲಭವಾಗಿ ಹೇಳಿಬಿಡಬಹುದು. ಆದರೆ ಇತಿಹಾಸ ಬೇರೆಯೇ ಕಥೆ ಹೇಳುತ್ತದೆ. ಈ ಪ್ರಾಣಿ ಕಾಡಿನದೇ ಅಲ್ಲ. ಹಿತ್ತಲು ಇರುವ ಜಾಗವೇ ಒಂದು ಕಾಲಕ್ಕೆ ಅದರ ಮೇವಿನ ನೆಲವಾಗಿತ್ತು.

ಹೆಸರು ಒಂದು, ಪ್ರಾಣಿ ಹಲವು

ಕನ್ನಡದಲ್ಲಿ ಜಿಂಕೆ ಎಂಬ ಪದವನ್ನು ಧಾರಾಳವಾಗಿ ಬಳಸುತ್ತೇವೆ. ಮೈಮೇಲೆ ಬಿಳಿ ಚುಕ್ಕೆಗಳಿರುವ ಸಾರಂಗವೂ ಜಿಂಕೆಯೇ, ಬಯಲಿನ ಕೃಷ್ಣಮೃಗವೂ ಜಿಂಕೆಯೇ. ಜೀವವಿಜ್ಞಾನದ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ ಕುಲ. ಸಾರಂಗ, ಕಡವೆಗಳ ಕೊಂಬು ಕವಲೊಡೆದು ಬೆಳೆಯುತ್ತದೆ, ಕಾಲಕಾಲಕ್ಕೆ ಉದುರಿ ಮತ್ತೆ ಮೂಡುತ್ತದೆ. ಕೃಷ್ಣಮೃಗದ ಕೊಂಬಿಗೆ ಕವಲಿಲ್ಲ. ತಿರುಚಿದ ಹಗ್ಗದಂತೆ ಮೇಲೇರುವ ಅದು ಆಯುಷ್ಯವಿಡೀ ಉಳಿಯುತ್ತದೆ. ಈ ದೃಷ್ಟಿಯಿಂದ ಕೃಷ್ಣಮೃಗಕ್ಕೆ ನಿಜವಾದ ಜಿಂಕೆಗಿಂತ ಹಸು, ಮೇಕೆಗಳೇ ಹತ್ತಿರದ ನೆಂಟರು. ಹಳಗನ್ನಡದಲ್ಲಿ ಎರಳೆ, ಹುಲ್ಲೆ ಎಂಬ ಹೆಸರುಗಳಿದ್ದವು. ಉತ್ತರ ಕರ್ನಾಟಕದವರಿಗೆ ಇದು ಚಿಗರಿ. ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಓಡಲಾರಂಭಿಸಿದ ತ್ವರಿತ ಬಸ್ಸುಗಳಿಗೆ ‘ಚಿಗರಿ’ ಎಂದೇ ಹೆಸರಿಟ್ಟದ್ದು ಅದರ ಓಟಕ್ಕೆ ಸಂದ ಗೌರವ.

ಓಟ ಅದರ ಒಂದೇ ಆಯುಧ. ಗಂಟೆಗೆ 80 ಕಿಲೋಮೀಟರ್ ವೇಗದವರೆಗೂ ಓಡಬಲ್ಲ ಈ ಪ್ರಾಣಿಗೆ ದಟ್ಟ ಕಾಡು ಹಿಡಿಸುವುದಿಲ್ಲ. ಶತ್ರುವನ್ನು ದೂರದಿಂದಲೇ ಕಾಣಬೇಕು, ಓಡಲು ಅಡ್ಡಿಯಿಲ್ಲದ ಬಯಲು ಬೇಕು. ಗಂಡಿಗೆ ವಯಸ್ಸಾದಂತೆ ಬೆನ್ನು ಕಪ್ಪಾಗುತ್ತದೆ, ಹೊಟ್ಟೆ ಬೆಳ್ಳಗೇ ಉಳಿಯುತ್ತದೆ. ಹೆಣ್ಣು ಮತ್ತು ಮರಿಗಳದು ಕಂದು ಬಣ್ಣ. ಮುಖ್ಯ ಆಹಾರ ಹುಲ್ಲು. ಹುಲ್ಲು ಒಣಗಿದಾಗ ಎಲೆ, ಕಾಯಿ, ಹೊಲದ ಮೊಳಕೆ ಏನಾದರೂ ಆದೀತು. ಬೇಸಿಗೆಯಲ್ಲಿ ಬಯಲೆಲ್ಲ ಬೂದಿಯ ಬಣ್ಣಕ್ಕೆ ತಿರುಗಿ, ನೀರು ಹಾಕಿ ಬೆಳೆಸಿದ ಹಿತ್ತಲು ಮಾತ್ರ ಹಸಿರಾಗಿದ್ದರೆ ಅದು ಎತ್ತ ನಡೆದೀತೆಂದು ಹೇಳಬೇಕಾಗಿಲ್ಲ.

ಬಯಲು ಯಾರದಾಗಿತ್ತು?

ಭಾರತದ ಸಂಸ್ಕೃತಿಯಲ್ಲಿ ಕೃಷ್ಣಮೃಗಕ್ಕೆ ಬೇರೆ ಯಾವ ಜಿಂಕೆಗೂ ಇಲ್ಲದ ಸ್ಥಾನವಿದೆ. ಕೃಷ್ಣಮೃಗ ಸಹಜವಾಗಿ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವಾದ ದೇಶವೆಂದು ಮನುಸ್ಮೃತಿ ಗಡಿ ಗುರುತಿಸುತ್ತದೆ. ಉಪನಯನದಲ್ಲಿ ವಟುವಿನ ಜನಿವಾರಕ್ಕೆ ಕೃಷ್ಣಾಜಿನದ ತುಣುಕು ಕಟ್ಟುವ ರೂಢಿ ಅದರ ಉಳಿಕೆ. ಅದೇ ವೇಳೆ ರಾಜರಿಗೆ ಇದು ಅಚ್ಚುಮೆಚ್ಚಿನ ಬೇಟೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಜಿಂಕೆ ಬೇಟೆಯ ನಾನಾ ವಿಧಾನಗಳ ವರ್ಣನೆಯಿದೆ. ಪೂಜ್ಯವೂ ಹೌದು, ಬೇಟೆಯೂ ಹೌದು. ಈ ಇಬ್ಬಂದಿತನ ಇಂದಿಗೂ ಮುಗಿದಿಲ್ಲ.

ಬಯಲುಸೀಮೆಯಲ್ಲಿ ಆಗ ಮನುಷ್ಯ, ದನ, ಜಿಂಕೆ ಮೂವರಿಗೂ ಸಾಲುವಷ್ಟು ಹುಲ್ಲಿತ್ತು. ಮೈಸೂರು ಅರಸರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿ ಆರಂಭಗೊಂಡು, ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರು ಪಡೆದ ದನಗಳ ಇಲಾಖೆಗೆ ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಕಡೆಗಳಲ್ಲಿ ಮೀಸಲು ಕಾವಲುಗಳಿದ್ದವು. ಒಂದು ಕಾಲಕ್ಕೆ ಅವುಗಳ ವಿಸ್ತೀರ್ಣ ನಾಲ್ಕು ಲಕ್ಷ ಎಕರೆ ಮೀರಿತ್ತು. ಸರ್ಕಾರದ ದನ ಮೇಯುವ ಕಾವಲಿನಲ್ಲಿ ಕೃಷ್ಣಮೃಗವೂ ಮೇಯುತ್ತಿತ್ತು. ಕೋಲಾರದ ಕಡೆ ಇಂಥ ದೊಡ್ಡ ಕಾವಲುಗಳಿಗಿಂತ ಊರೂರಿನ ಗೋಮಾಳ, ಕೆರೆಯಂಗಳ, ಕಲ್ಲುಗುಡ್ಡಗಳ ನಡುವಿನ ಕುರುಚಲು ಬಯಲುಗಳೇ ಅದರ ಆಸರೆ.

ಅದರ ಸಂಖ್ಯೆಯನ್ನು ಹದ್ದಿನಲ್ಲಿಡಲು ಆಗ ಬೇರೆಯವರೂ ಇದ್ದರು. ತೋಳ ಇತ್ತು. ಓಟದಲ್ಲಿ ಕೃಷ್ಣಮೃಗವನ್ನು ಮೀರಿಸಬಲ್ಲ ಶಿವಂಗಿ, ಅಂದರೆ ಚೀತಾ ಇತ್ತು. ಟಿಪ್ಪುವಿನ ಬಳಿ ಬೇಟೆಗಾಗಿ ಪಳಗಿಸಿದ ಶಿವಂಗಿಗಳಿದ್ದವು. ಭಾರತದಲ್ಲಿ ಶಿವಂಗಿ ನಿರ್ನಾಮವಾಯಿತೆಂದು 1952ರಲ್ಲಿ ಅಧಿಕೃತವಾಗಿ ಘೋಷಣೆಯಾಯಿತು. ಬಯಲಿನ ತೋಳವೂ ಬಹುಮಟ್ಟಿಗೆ ಕಣ್ಮರೆಯಾಯಿತು. ಅವುಗಳ ಜಾಗಕ್ಕೆ ಇಂದು ಬಂದಿರುವುದು ಬೀದಿನಾಯಿಗಳ ಹಿಂಡು.

ಗಣಿ ಬಂತು, ತೋಟ ಬಂತು

ಇಂಥ ಬಯಲಿಗೆ ಚಿನ್ನದ ಹೊಸ ಚರಿತ್ರೆ ಬಂದದ್ದು 19ನೇ ಶತಮಾನದಲ್ಲಿ. ಮೈಸೂರಿನ ಪೂರ್ವ ಗಡಿಯ ಮೋಜಣಿಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಉರಿಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟ. ಅದನ್ನೋದಿದ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕ 1871ರಲ್ಲಿ ಎತ್ತಿನ ಗಾಡಿ ಹೂಡಿಕೊಂಡು ಬೆಂಗಳೂರಿನಿಂದ ಇಲ್ಲಿಗೆ ಬಂದ. 1873ರಲ್ಲಿ ಪರವಾನಗಿ ಪಡೆದ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಗಣಿ ಗಟ್ಟಿಯಾಗಿ ನೆಲೆಯೂರಿತು. 1894ರ ಹೊತ್ತಿಗೆ ರೈಲು ಬಂತು. ಆ ಕವಲು ಹಾದಿ ಹೊರಡುವ ಜಂಕ್ಷನ್ನಿಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಅದೇ ಇಂದಿನ ಬಂಗಾರಪೇಟೆ.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಈ ಸಾಧನೆಯನ್ನು ಎಲ್ಲರೂ ನೆನೆಯುತ್ತಾರೆ. ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸ ನೀರಿನದು. ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಹಳೆಯ ಕೆರೆಯಿಂದ ಕೊಳವೆಯ ಮೂಲಕ ಗಣಿ ಪಟ್ಟಣಕ್ಕೆ ನೀರು ಹರಿಯತೊಡಗಿತು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಆ ನೀರಿನಿಂದಲೇ ಅಧಿಕಾರಿಗಳ ಬಂಗಲೆಗಳ ಮುಂದೆ ಹುಲ್ಲುಹಾಸು, ಗುಲಾಬಿ, ಸಾಲುಮರ ಎದ್ದವು. ಕೆಜಿಎಫ್‌ಗೆ ‘ಪುಟ್ಟ ಇಂಗ್ಲೆಂಡ್’ ಎಂಬ ಹೆಸರು ಬಂತು.

ಆದರೆ ಎಲ್ಲರ ಹಿತ್ತಲೂ ಒಂದೇ ಆಗಿರಲಿಲ್ಲ. ಉತ್ತರ ಆರ್ಕಾಟು, ಸೇಲಂ ಕಡೆಯಿಂದಲೂ ಸುತ್ತಲಿನ ತೆಲುಗು, ಕನ್ನಡ ಸೀಮೆಯಿಂದಲೂ ಬಂದ ಸಾವಿರಾರು ಕಾರ್ಮಿಕರಿಗೆ ಸಿಕ್ಕಿದ್ದು ಸಾಲು ಸಾಲಾದ ಲೈನ್ ಮನೆಗಳು. ಬಿದಿರ ತಟ್ಟಿಯ ಆ ಗೂಡುಗಳಲ್ಲಿ ಜನರಿಗೇ ಜಾಗ ಸಾಲದು, ಇನ್ನು ಗಿಡಕ್ಕೆಲ್ಲಿ? ಬಂಗಲೆಯ ತೋಟ ನೋಟಕ್ಕಾದರೆ, ಲೈನ್ ಮನೆಯ ಪಕ್ಕದ ನಾಲ್ಕು ಮೊಳ ಜಾಗ ಸಾರಿಗೆ. ಅಲ್ಲಿ ನೆಡುವುದು ನುಗ್ಗೆ, ಕರಿಬೇವು, ಒಂದು ಅವರೆ ಬಳ್ಳಿ. ಜಿಂಕೆ ಬಂಗಲೆಯ ಗುಲಾಬಿ ತಿಂದರೆ ಅದು ಬೇಸರದ ವಿಷಯ. ಲೈನ್ ಮನೆಯ ಸೊಪ್ಪು ತಿಂದರೆ ಆ ದಿನದ ಸಾರಿಗೇ ಸಂಚಕಾರ.

ಗಣಿ ಹಗಲೂ ರಾತ್ರಿ ಸದ್ದು ಮಾಡುತ್ತಿದ್ದ ಕಾಲದಲ್ಲಿ ಒಂದು ಬಗೆಯ ಬೇಲಿ ತಾನಾಗಿ ಇತ್ತು. ಪಾಳಿ ಬದಲಾಗುವ ಸೈರನ್, ಅದಿರು ಕುಟ್ಟುವ ಗಿರಣಿ, ಬಂಡಿಯ ಓಡಾಟ, ದೀಪದ ಬೆಳಕು ಇವೆಲ್ಲ ಸೇರಿ ಬಯಲಿನ ಪ್ರಾಣಿಗೆ ದೂರ ಇರೆಂದು ಹೇಳುತ್ತಿದ್ದವು.

ಸೈರನ್ ನಿಂತ ಮೇಲೆ

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದು, 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಗಣಿಯ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಮೇಲೆ ಉಳಿದದ್ದು ಹನ್ನೆರಡು ಸಾವಿರ ಎಕರೆಗೂ ಹೆಚ್ಚಿನ ಜಮೀನು, ಕೆಲಸ ಕಳೆದುಕೊಂಡ ಕುಟುಂಬಗಳು, ಗುಡ್ಡದೆತ್ತರದ ಸಯನೈಡ್ ಮಣ್ಣಿನ ದಿಬ್ಬಗಳು.

ದಿಬ್ಬದ ಮೇಲೆ ಹುಲ್ಲು ಬೆಳೆಯುವುದು ಕಷ್ಟ. ಗಾಳಿಯ ಕಾಲದಲ್ಲಿ ಅದರ ದೂಳು ಊರ ಮೇಲೆ ಬೀಳುತ್ತದೆ. ದಿಬ್ಬಗಳಾಚೆ, ಮನುಷ್ಯ ಬಿಟ್ಟುಹೋದ ನೆಲದಲ್ಲಿ ಮಾತ್ರ ಹುಲ್ಲು, ಕುರುಚಲು ಮತ್ತೆ ತಲೆಯೆತ್ತಿದವು. ಹಳೆಯ ಬಯಲು ಅಷ್ಟರಮಟ್ಟಿಗೆ ಮರಳಿ ಬಂದಿತು. ಅದರ ಜೊತೆಗೆ ಹಳೆಯ ನಿವಾಸಿಗೂ ಕೊಂಚ ನೆಮ್ಮದಿ ಸಿಕ್ಕಿತು. ಕಾರ್ಖಾನೆಯ ಕಾಂಪೌಂಡು, ಗಣಿಯ ನಿಷೇಧಿತ ಪ್ರದೇಶ ಇವು ಯಾರೂ ಉದ್ದೇಶಿಸದೆ ಹುಟ್ಟಿಕೊಂಡ ಅಭಯಧಾಮಗಳಾದವು.

ಇಲ್ಲೇ ಹತ್ತಿರದ ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟಕ್ಕೆ ಸೀತೆಯ ಐತಿಹ್ಯವಿದೆ. ಲವಕುಶರು ಹುಟ್ಟಿದ್ದು ಅಲ್ಲಿಯೇ ಎಂದು ಜನ ನಂಬುತ್ತಾರೆ. ಬಂಗಾರದ ಜಿಂಕೆಯನ್ನು ಬಯಸಿ ಕಷ್ಟಕ್ಕೆ ಸಿಲುಕಿದ ಸೀತೆಯ ನಾಡಿನಲ್ಲಿ ಬಂಗಾರ ಮುಗಿದು ಜಿಂಕೆ ಉಳಿಯಿತು!

ನೀಲಗಿರಿಯ ನೆರಳು

ಗಣಿಯ ಜಮೀನಿನಾಚೆಗೆ ಪರಿಸ್ಥಿತಿ ಇದಕ್ಕೆ ವಿರುದ್ಧವಾಗಿತ್ತು. ಅಲ್ಲಿ ಬಯಲು ಕಿರಿದಾಗುತ್ತ ಹೋಯಿತು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಕೋಲಾರ ಜಿಲ್ಲೆ ನೀಲಗಿರಿ ಮರಗಳಿಗೆ ಹೆಸರಾಯಿತು. ರಾಗಿ ಬೆಳೆಯುತ್ತಿದ್ದ ಹೊಲ, ದನ ಮೇಯುತ್ತಿದ್ದ ಗೋಮಾಳ ಎರಡರಲ್ಲೂ ನೀಲಗಿರಿ ಎದ್ದಿತು. ಅದರ ಕೆಳಗೆ ಹುಲ್ಲು ಚೆನ್ನಾಗಿ ಬೆಳೆಯದು, ಅದರೆಲೆ ದನಕ್ಕೂ ಬೇಡ, ಜಿಂಕೆಗೂ ಬೇಡ. ಈ ನೀತಿಯ ಬಗ್ಗೆ 1981ರಲ್ಲೇ ವಂದನಾ ಶಿವ ಮತ್ತು ಸಂಗಡಿಗರು ಕೋಲಾರವನ್ನೇ ಉದಾಹರಣೆಯಾಗಿಟ್ಟುಕೊಂಡು ಎಚ್ಚರಿಸಿದ್ದರು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು.

ಇದರ ಪಾಠವನ್ನು ರಾಜ್ಯದ ಇನ್ನೊಂದು ತುದಿಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಬಹುದು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕಾಗಿಯೇ 119 ಚದರ ಕಿಲೋಮೀಟರ್‌ಗಳ ಅಭಯಾರಣ್ಯ ಘೋಷಣೆಯಾಯಿತು. ಆದರೆ ಆ ಕುರುಚಲು ಬಯಲಿನ ಬಹುಭಾಗದಲ್ಲಿ ಅರಣ್ಯ ಇಲಾಖೆಯೇ ನೀಲಗಿರಿ ನೆಟ್ಟಿತ್ತು. ರಕ್ಷಣೆ ಸಿಕ್ಕ ಜಿಂಕೆಗಳ ಸಂಖ್ಯೆ ಸಾವಿರಗಳಿಗೆ ಏರಿತು, ಮೇವಿನ ನೆಲ ಮಾತ್ರ ಏರಲಿಲ್ಲ. ಹಗಲು ತೋಪಿನಲ್ಲಿ ಅಡಗಿ, ಕತ್ತಲಾದ ಮೇಲೆ ಸುತ್ತಲಿನ ಜೋಳ, ಶೇಂಗಾ ಹೊಲಗಳಿಗೆ ಇಳಿಯುವುದನ್ನು ಅವು ರೂಢಿಸಿಕೊಂಡವು. ಗದಗ, ಕೊಪ್ಪಳ ಜಿಲ್ಲೆಗಳ ಎರೆಭೂಮಿಯಲ್ಲಿ ಅಭಯಾರಣ್ಯವೂ ಇಲ್ಲದೆ ಹೊಲಗಳಲ್ಲೇ ಬದುಕುವ ಹಿಂಡುಗಳಿವೆ. ಮುಂಗಾರಿನಲ್ಲಿ ಹೆಸರು, ಶೇಂಗಾ ಮೊಳಕೆಯೊಡೆದಾಗ ‘ಜಿಂಕೆ ಹಾವಳಿ’ ಎಂಬ ಸುದ್ದಿ ಆ ಭಾಗದಿಂದ ಬರುವುದು ವಾಡಿಕೆಯಾಗಿದೆ.

ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸ್ವಲ್ಪ ಬೇರೆ ಪ್ರಯೋಗ ನಡೆದಿದೆ. ಅಲ್ಲಿನ ಸುಮಾರು 800 ಎಕರೆ ಹುಲ್ಲುಗಾವಲನ್ನು 2007ರಲ್ಲಿ ‘ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು’ ಎಂದು ಸಾರಲಾಯಿತು. ಅಲ್ಲೂ ಜಿಂಕೆಗಳು ಅಕ್ಕಪಕ್ಕದ ಹೊಲಕ್ಕೆ ಹೋಗದೆ ಇರುವುದಿಲ್ಲ. ಆದರೂ ಹಿಂತಿರುಗಲು ಅವುಗಳಿಗೊಂದು ನೆಲೆಯಿದೆ.

ಕವಣೆಯಿಂದ ಸೀರೆಯವರೆಗೆ

ಜಿಂಕೆಯಿಂದ ಬೆಳೆ ಕಾಯುವ ವಿದ್ಯೆ ಬೇಸಾಯದಷ್ಟೇ ಹಳೆಯದು. ಅಟ್ಟಣಿಗೆಯ ಮೇಲೆ ಕೂತು ಕೂಗು ಹಾಕುವುದು, ತಮಟೆ ಬಡಿಯುವುದು, ಕವಣೆ ಬೀಸುವುದು, ಬೆದರುಗೊಂಬೆ ನಿಲ್ಲಿಸುವುದು ನಮ್ಮ ಹಳ್ಳಿಗರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ. ಕೋಲಾರ ಸೀಮೆಯ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿಯ ಜೊತೆ ಹರಳು ಗಿಡಕ್ಕೂ ಜಾಗವಿದೆ. ದನ, ಕುರಿ, ಜಿಂಕೆ ಯಾವುದೂ ಹರಳೆಲೆಯನ್ನು ಇಷ್ಟಪಡುವುದಿಲ್ಲ. ಹೊಲದಂಚಿಗೆ ಅದನ್ನು ದಟ್ಟವಾಗಿ ಬಿತ್ತಿದರೆ ಎಣ್ಣೆಕಾಳೂ ಆಯಿತು, ಅಡ್ಡಗೋಡೆಯೂ ಆಯಿತು.

ಜೀವಂತ ಬೇಲಿಯದೇ ಒಂದು ಚರಿತ್ರೆ. 1791ರಲ್ಲಿ ಬ್ರಿಟಿಷರು ಬೆಂಗಳೂರಿನ ಮೇಲೆ ದಾಳಿ ಮಾಡಿದಾಗ ಪೇಟೆಯ ಸುತ್ತ ಅವರಿಗೆ ಎದುರಾದದ್ದು ಕಂದಕದ ಜೊತೆಗೆ ದಟ್ಟವಾದ ಮುಳ್ಳು ಬೇಲಿ. ಸೈನ್ಯವನ್ನೇ ತಡೆಯಲು ಬಳಸಿದ ಉಪಾಯ ಹಿತ್ತಲಿಗೆ ಸಲ್ಲದೇ? ಹಾಲುಗಳ್ಳಿ, ಲಕ್ಕಿ ಗಿಡ, ಅಮೆರಿಕದಿಂದ ಬಂದು ನಮ್ಮವೇ ಆಗಿಬಿಟ್ಟ ಕತ್ತಾಳೆ ಮತ್ತು ಪಾಪಾಸುಕಳ್ಳಿ ಬಯಲುಸೀಮೆಯ ಹಳ್ಳಿಗಳ ಗಡಿಯಾಗಿದ್ದವು. ಹತ್ತು ವರ್ಷ ಬೆಳೆದ ಕತ್ತಾಳೆ ಸಾಲನ್ನು ದಾಟುವ ಪ್ರಾಣಿ ಕಡಿಮೆ. ನಿವೇಶನ, ರಸ್ತೆ, ಕಲ್ಲುಕಂಬಗಳ ಕಾಲ ಬಂದ ಮೇಲೆ ಈ ಸಾಲುಗಳು ಕಡಿದುಹೋದವು. ಅವುಗಳ ಜಾಗದಲ್ಲಿ ನಿಂತ ಮೂರೆಳೆ ತಂತಿಯ ನಡುವೆ ಕೃಷ್ಣಮೃಗ ತಲೆ ತಗ್ಗಿಸಿ ನುಸುಳಬಲ್ಲದು.

ಈಗ ಬಡವರ ಬೇಲಿಯಾಗಿ ಬಂದಿರುವುದು ಹಳೆಯ ಸೀರೆ. ಕೋಲಿನಿಂದ ಕೋಲಿಗೆ ಬಣ್ಣಬಣ್ಣದ ಸೀರೆ ಕಟ್ಟಿದ ಹೊಲಗಳನ್ನು ಬಯಲುಸೀಮೆಯ ರಸ್ತೆಗಳ ಪಕ್ಕದಲ್ಲಿ ಯಾರಾದರೂ ಕಾಣಬಹುದು. ಆಚೆ ಏನಿದೆಯೆಂದು ಕಾಣದಿದ್ದರೆ ಕೃಷ್ಣಮೃಗ ಹಿಂಜರಿಯುತ್ತದೆ. ಬಯಲಿನ ಪ್ರಾಣಿಗೆ ಮರೆಯೇ ಭಯ. ಗಾಳಿಗೆ ಸೀರೆ ಪಟಪಟನೆ ಹಾರಿದರೆ ಇನ್ನೂ ಒಳ್ಳೆಯದು. ಆದರೆ ಕೆಲವು ವಾರಗಳಲ್ಲಿ ಜಿಂಕೆಗೆ ಗುಟ್ಟು ತಿಳಿದುಹೋಗುತ್ತದೆ. ಬೆದರುಗೊಂಬೆಯ ಕಥೆಯೂ ಅಷ್ಟೇ. ಜಾಗ ಬದಲಿಸುತ್ತ ಇರಬೇಕು.

ಹಿತ್ತಲಿಗೆ ಹೆಚ್ಚು ಕಾಲ ಬಾಳುವುದು ಎತ್ತರದ ಬಲೆ ಅಥವಾ ಆಚೆ ಕಾಣದಂಥ ತಟ್ಟಿ. ನೆಲಕ್ಕೂ ಬೇಲಿಗೂ ನಡುವೆ ಸಂದು ಇರಬಾರದು. ಸಾರಂಗ ಬರುವ ಕಾಡಂಚಿನಲ್ಲಾದರೆ ಆಳೆತ್ತರದ ಬೇಲಿಯೂ ಸಾಲದು, ಎರಡು ಮೀಟರ್ ಮೀರಬೇಕು. ಮೆಣಸಿನಕಾಯಿ, ಅರಿಸಿನ, ಶುಂಠಿಯಂಥ ಖಾರದ, ಘಾಟಿನ ಗಿಡಗಳನ್ನು ಹೊರಸಾಲಿಗೆ ಹಾಕಿ ಅವರೆ, ಹುರುಳಿಕಾಯಿಯನ್ನು ಮನೆಯ ಗೋಡೆಯ ಬದಿಗೆ ತಂದರೆ ನಷ್ಟ ಕಡಿಮೆ. ಇವೆಲ್ಲ ಜಿಂಕೆಯನ್ನು ಸೋಲಿಸುವುದಿಲ್ಲ, ಅದರ ಹಾದಿಯನ್ನು ಮಾತ್ರ ತಿರುಗಿಸುತ್ತವೆ. ಬೆಳೆ ಕಾಯುವವರಿಗೆ ಅಷ್ಟಾದರೂ ಸಾಕು.

ಮಾಡಬಾರದ ಕೆಲಸವೂ ಒಂದಿದೆ. ಮನೆಯ ಕರೆಂಟನ್ನು ನೇರವಾಗಿ ತಂತಿಬೇಲಿಗೆ ಹರಿಸುವುದು ಅಪರಾಧ. ಅದರಿಂದ ಜಿಂಕೆಗಳಷ್ಟೇ ಅಲ್ಲ, ಆನೆಗಳೂ ಮನುಷ್ಯರೂ ಸತ್ತಿದ್ದಾರೆ. ಸೌರಬೇಲಿಯಲ್ಲಿ ವಿದ್ಯುತ್ ಬಿಟ್ಟುಬಿಟ್ಟು ಕ್ಷಣಕಾಲ ಮಾತ್ರ ಹರಿಯುವುದರಿಂದ ಅದು ಬೆಚ್ಚಿಬೀಳಿಸುತ್ತದೆ, ಕೊಲ್ಲುವುದಿಲ್ಲ.

ರಾಜನ ಜಿಂಕೆ, ರೈತನ ಬೇಲಿ

ಬೇಲಿ ಎಷ್ಟು ಎತ್ತರ ಇರಬೇಕೆಂಬುದು ಒಂದು ಕಾಲಕ್ಕೆ ರಾಜಕೀಯದ ಪ್ರಶ್ನೆಯೂ ಆಗಿತ್ತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ರಾಜನ ಅರಣ್ಯವೆಂದು ಗುರುತಿಸಿದ ಪ್ರದೇಶದೊಳಗೆ ಹೊಲ ಮಾಡಿಕೊಂಡವರು ಸಣ್ಣ ಕಾಲುವೆ, ತಗ್ಗಾದ ಬೇಲಿಯನ್ನು ಮಾತ್ರ ಹಾಕಬಹುದಿತ್ತು. ರಾಜನ ಜಿಂಕೆ ಮತ್ತು ಅದರ ಮರಿ ಒಳಗೆ ಹೋಗಿಬರಲು ಅಡ್ಡಿಯಾಗಬಾರದು! ಬೆಳೆ ರೈತನದು, ಮೇವು ರಾಜನ ಜಿಂಕೆಯದು, ಬೇಟೆ ರಾಜನದು.

ನಮ್ಮಲ್ಲಿ ಬೇಟೆಗೆ ಕಾನೂನಿನ ಕಡಿವಾಣ ಹಂತಹಂತವಾಗಿ ಬಿತ್ತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಯ ಪ್ರಾಣಿಗಳು ಮತ್ತು ಮೀನುಗಳ ರಕ್ಷಣೆಗೆ ನಿಬಂಧನೆ ತಂದಿತು. ಅದು ಬೇಟೆಯನ್ನು ನಿಲ್ಲಿಸಲಿಲ್ಲ, ಕ್ರಮಕ್ಕೆ ಒಳಪಡಿಸಿತು. ಸ್ವಾತಂತ್ರ್ಯದ ನಂತರ ಜೀಪು, ಬಂದೂಕು, ತೀಕ್ಷ್ಣ ದೀಪಗಳು ಸೇರಿ ಬಯಲನ್ನು ಬರಿದು ಮಾಡಿದವು. ಒಂದು ಕಾಲಕ್ಕೆ ಉಪಖಂಡದಲ್ಲಿ ಲಕ್ಷಗಟ್ಟಲೆ ಇದ್ದ ಕೃಷ್ಣಮೃಗ 1970ರ ದಶಕದಲ್ಲಿ ಸುಮಾರು 24 ಸಾವಿರಕ್ಕೆ ಇಳಿದಿತ್ತು ಎಂಬುದು ಅಂದಾಜು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ಮೊದಲನೆಯ ಅನುಸೂಚಿಯಲ್ಲಿ ಹುಲಿಯ ಸಾಲಿಗೆ ಸೇರಿಸಿತು. ಕೊಂದವರಿಗೆ ಮೂರರಿಂದ ಏಳು ವರ್ಷ ಜೈಲು. 1998ರಲ್ಲಿ ರಾಜಸ್ಥಾನದಲ್ಲಿ ನಡೆದ ಕೃಷ್ಣಮೃಗ ಬೇಟೆಯ ಪ್ರಕರಣದಲ್ಲಿ ಚಿತ್ರನಟ ಸಲ್ಮಾನ್ ಖಾನ್‌ಗೆ ಜೋಧಪುರದ ನ್ಯಾಯಾಲಯ 2018ರಲ್ಲಿ ಐದು ವರ್ಷ ಶಿಕ್ಷೆ ವಿಧಿಸಿದ ಮೇಲೆ ಈ ಕಾನೂನು ಮನೆಮಾತಾಯಿತು.

ಕಾನೂನು ಫಲ ಕೊಟ್ಟಿತೆಂಬುದರಲ್ಲಿ ಸಂಶಯವಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2017ರಲ್ಲಿ ಕೃಷ್ಣಮೃಗವನ್ನು ಕನಿಷ್ಠ ಆತಂಕದ ವರ್ಗಕ್ಕೆ ಸೇರಿಸಿತು. ಅಮೆರಿಕದಲ್ಲೂ ಹೀಗೆಯೇ ಆಯಿತು. 1900ರ ಹೊತ್ತಿಗೆ ಐದು ಲಕ್ಷದಷ್ಟಕ್ಕೆ ಕುಸಿದಿದ್ದ ಬಿಳಿಬಾಲದ ಜಿಂಕೆ ರಕ್ಷಣೆ ಸಿಕ್ಕ ಮೇಲೆ ಮೂರು ಕೋಟಿಯ ಆಸುಪಾಸಿಗೆ ಏರಿ, ಇಂದು ಅಲ್ಲಿನ ಪಟ್ಟಣಗಳ ಮನೆತೋಟಗಳಿಗೆ ದೊಡ್ಡ ತಲೆನೋವಾಗಿದೆ. ಜಪಾನಿನ ಉದ್ಯಾನಗಳಲ್ಲಿ ನೀರು ತುಂಬಿದಾಗ ‘ಟಕ್’ ಎಂದು ಕಲ್ಲಿಗೆ ಬಡಿಯುವ ಬಿದಿರ ಕೊಳವೆಯನ್ನು ಇಂದು ಅಲಂಕಾರಕ್ಕೆಂದು ಇಡುತ್ತಾರೆ. ಅದರ ಮೂಲ ಕೆಲಸ ಜಿಂಕೆ, ಹಂದಿಗಳನ್ನು ಬೆದರಿಸುವುದು. ಜಿಂಕೆಯ ಕಾಟಕ್ಕೆ ಗಡಿಯಿಲ್ಲ.

ಆದರೆ ಜಿಂಕೆಯನ್ನು ಉಳಿಸಿದ ಖರ್ಚನ್ನು ಕಟ್ಟುವವರು ಯಾರು? ರಾಷ್ಟ್ರಕ್ಕೆ ಬೇಕಾದ ಪ್ರಾಣಿಗೆ ಊಟ ಬಡಿಸುವ ಹೊಣೆ ಬಯಲಿನಂಚಿನ ಸಣ್ಣ ರೈತನ ಮೇಲೆ, ಊರಂಚಿನ ಬಡ ಮನೆಯ ಮೇಲೆ ಬಿದ್ದಿದೆ. ಹೊಲದ ಬೆಳೆ ಹೋದರೆ ಅರ್ಜಿ, ಪಂಚನಾಮೆ, ಪರಿಹಾರ ಎಂಬ ದಾರಿಯಾದರೂ ಇದೆ. ಹಿತ್ತಲಿನ ನಾಲ್ಕು ಅವರೆ ಗಿಡಕ್ಕೆ ಯಾರು ಅರ್ಜಿ ಬರೆದಾರು? ನಷ್ಟ ಸಣ್ಣದು, ನಿಜ. ಅದು ದಿನವೂ ಆಗುತ್ತದೆ, ಒಂದೇ ಮನೆಗೆ ಆಗುತ್ತದೆ ಎಂಬುದೂ ನಿಜ. ಹೆಸರಿನಲ್ಲೇ ಜಿಂಕೆ ಬೇಟೆಯನ್ನು ಹೊತ್ತ ಹರಣಶಿಕಾರಿಗಳಂಥ ಸಮುದಾಯಗಳಿಗೆ ಕುಲಕಸುಬು ತಪ್ಪಿದ ಮೇಲೆ ಬೇರೆ ನೆಲೆ ಸುಲಭವಾಗಿ ಸಿಗಲಿಲ್ಲ ಎಂಬುದನ್ನೂ ಈ ಖರ್ಚಿನ ಲೆಕ್ಕದಲ್ಲಿ ಸೇರಿಸಬೇಕು.

ಬೇಲಿಯ ಆಚೆ ಏನಿರಬೇಕು?

ಗಣಿ ಮುಚ್ಚಿದ ಪಟ್ಟಣಕ್ಕೆ ಉದ್ಯೋಗ ಬೇಕು. ಬಂಗಾರಪೇಟೆಯ ನಿಲ್ದಾಣದಿಂದ ನಸುಕಿನಲ್ಲೇ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವವರ ಗುಂಪನ್ನು ಕಂಡವರು ಇದನ್ನು ಅಲ್ಲಗಳೆಯಲಾರರು. ಬೆಮೆಲ್ ಬಳಸದೆ ಬಿಟ್ಟಿದ್ದ ಒಂಬೈನೂರಕ್ಕೂ ಹೆಚ್ಚು ಎಕರೆಯನ್ನು ಹಿಂಪಡೆದು ಕೈಗಾರಿಕಾ ಪ್ರದೇಶ ಮಾಡಲು ರಾಜ್ಯ ಸರ್ಕಾರ ಮುಂದಾದದ್ದು ಈ ಕಾರಣಕ್ಕೆ. ಅದೇ ನೆಲದಲ್ಲಿ ಕೃಷ್ಣಮೃಗಗಳಿವೆ ಎಂಬ ಕಾರಣಕ್ಕೆ ಪರಿಸರಾಸಕ್ತರು ಆತಂಕಪಟ್ಟದ್ದೂ ಸಹಜವೇ. ದಾಖಲೆಯಲ್ಲಿ ಅದು ‘ಖಾಲಿ ಜಮೀನು’. ಹುಲ್ಲುಗಾವಲನ್ನು ಪಾಳುಭೂಮಿ ಎಂದು ಬರೆಯುವುದು ಬ್ರಿಟಿಷರ ಕಂದಾಯ ಪುಸ್ತಕದಿಂದ ಬಂದ ಅಭ್ಯಾಸ. ಅಲ್ಲಿಂದ ಕಂದಾಯ ಬರುವುದಿಲ್ಲ, ಆದ್ದರಿಂದ ಅಲ್ಲಿ ಏನೂ ಇಲ್ಲ!

ಕಾರ್ಖಾನೆಯೋ ಜಿಂಕೆಯೋ ಎಂದು ಪ್ರಶ್ನೆಯನ್ನು ಎರಡೇ ಪದಗಳಿಗೆ ಇಳಿಸಿದರೆ ಉತ್ತರ ಮೊದಲೇ ಗೊತ್ತಿರುತ್ತದೆ. ಆದರೆ ಈ ಲೆಕ್ಕದಲ್ಲಿ ಹಿತ್ತಲನ್ನು ಮರೆಯುವಂತಿಲ್ಲ. ಬಯಲನ್ನು ಪೂರ್ತಿ ಮುಚ್ಚಿದ ಮಾತ್ರಕ್ಕೆ ಅಲ್ಲಿನ ಹಿಂಡು ಮಾಯವಾಗುವುದಿಲ್ಲ. ಅದು ರಸ್ತೆಗೆ, ರೈಲುಹಳಿಗೆ, ನಾಯಿಗಳ ಬಾಯಿಗೆ, ಅಳಿದುಳಿದದ್ದು ಜನರ ಅವರೆ ಚಪ್ಪರದ ಕೆಳಗೆ ಬರುತ್ತದೆ. ರಾಣೆಬೆನ್ನೂರಿನ ಅನುಭವ ಇದನ್ನೇ ಹೇಳುತ್ತದೆ. ಹುಲ್ಲು ಹೋದರೆ ಜಿಂಕೆ ಹೊಲಕ್ಕೆ ಬರುತ್ತದೆ. ಮೈದನಹಳ್ಳಿಯ ಅನುಭವ ಹೇಳುವುದು ಇನ್ನೊಂದನ್ನು. ಎಂಟುನೂರು ಎಕರೆಯಷ್ಟು ಸಣ್ಣ ಜಾಗವಾದರೂ ಸರಿ, ತನ್ನದೆಂಬ ನೆಲವಿದ್ದರೆ ಜಿಂಕೆ ಅಲ್ಲಿಗೆ ಮರಳುತ್ತದೆ.

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಆಗಿರುವುದು ಅದರ ತಿರುವುಮುರುವು. ಹೊಲ, ತೋಟ, ಗಣಿ, ಕಾರ್ಖಾನೆ, ನಿವೇಶನ ಎಲ್ಲ ಸೇರಿ ಬೇಲಿಯಾಚೆಯ ಹುಲ್ಲನ್ನು ಮೇಯ್ದು ಮುಗಿಸಿವೆ. ಬೇಲಿಗೆ ಎರಡು ಬದಿ ಇರಬೇಕು. ಈಚೆ ಬದಿಯಲ್ಲಿ ಮನೆಯವರ ಅವರೆ ಬಳ್ಳಿ, ಆಚೆ ಬದಿಯಲ್ಲಿ ಜಿಂಕೆಯ ಹುಲ್ಲು. ಆಚೆ ಏನೂ ಉಳಿಯದಿದ್ದರೆ ಎಷ್ಟು ಎತ್ತರದ ಬೇಲಿ ಹಾಕಿದರೂ ಹಸಿದ ಪ್ರಾಣಿ ಒಂದಲ್ಲ ಒಂದು ಸಂದು ಹುಡುಕಿಯೇ ತೀರುತ್ತದೆ.

ಅಲ್ಲಿಯವರೆಗೆ ಊರಂಚಿನ ಮನೆಯವರು ಹಳೆಯ ಸೀರೆಯನ್ನು ಇನ್ನೊಂದು ಗೂಟಕ್ಕೆ ಬಿಗಿದು ಕಟ್ಟುತ್ತಾರೆ, ಹರಿದುಹೋದ ಕುಡಿಯ ಕೆಳಗಿನ ಗೆಣ್ಣಿನಲ್ಲಿ ಹೊಸ ಚಿಗುರು ಬಂದಿದೆಯೇ ಎಂದು ಬಗ್ಗಿ ನೋಡುತ್ತಾರೆ. ಅವರೆ ಗಟ್ಟಿ ಬಳ್ಳಿ, ಸಾಮಾನ್ಯವಾಗಿ ಚಿಗುರುತ್ತದೆ.